ಸುಳ್ಳು ಚೀಟಿಯಿಂದ ಯಾರಿಗೆ ನಷ್ಟ?



ನಿಮ್ಮ ಮನೆಯ ಬೀರುವಿನಲ್ಲಿ ರೇಷನ್ ಕಾರ್ಡು, ಮಕ್ಕಳ ಅಂಕಪಟ್ಟಿ, ಜ್ಞಾನಸ್ನಾನದ ಸರ್ಟಿಫಿಕೇಟುಗಳ ಜೊತೆಗೆ ಇನ್ನೊಂದು ಕಾಗದವೂ ಇದ್ದೀತು. ಅದರಲ್ಲಿ ನಿಮ್ಮ ಹೆಸರು, ವಯಸ್ಸು, ಲಸಿಕೆಯ ಹೆಸರು, ಹಾಕಿಸಿಕೊಂಡ ದಿನಾಂಕ, ಪ್ರಧಾನಿಯವರ ಭಾವಚಿತ್ರ ಮತ್ತು ಒಂದು ಕ್ಯೂಆರ್ ಕೋಡು ಇರುತ್ತವೆ. ಕೋವಿಡ್ ಲಸಿಕೆ ಹಾಕಿಸಿಕೊಂಡವರಿಗೆ ಸರ್ಕಾರ ಕೊಟ್ಟ ಪ್ರಮಾಣಪತ್ರ ಅದು. ಇಂದು ಅದನ್ನು ಯಾರೂ ಕೇಳುವುದಿಲ್ಲ. ಆದರೆ ಒಂದು ಕಾಲದಲ್ಲಿ ಆ ಕಾಗದವಿದ್ದವರಿಗೆ ಬಾಗಿಲು ತೆರೆಯುತ್ತಿತ್ತು, ಇಲ್ಲದವರಿಗೆ ಮುಚ್ಚುತ್ತಿತ್ತು. ಬಾಗಿಲು ಮುಚ್ಚಿದ ಕಡೆಯಲ್ಲೆಲ್ಲಾ ಕಳ್ಳಬಾಗಿಲು ತೋರಿಸುವವರೂ ಹುಟ್ಟಿಕೊಂಡರು.

ಆಗ ಅನೇಕರ ಮನಸ್ಸಿನಲ್ಲಿ ಎದ್ದ ಒಂದು ಪ್ರಶ್ನೆಯನ್ನು, ಆ ಗದ್ದಲವೆಲ್ಲ ಅಡಗಿರುವ ಈಗ, ಸಮಾಧಾನದಿಂದ ಕೇಳಿಕೊಳ್ಳೋಣ. ನನಗೆ ಕಾಯಿಲೆ ಇಲ್ಲ. ನಾನು ಯಾರ ಮನೆಯನ್ನೂ ದೋಚುತ್ತಿಲ್ಲ. ಕೆಲಸಕ್ಕೆ ಹೋಗಲು, ಗಡಿ ದಾಟಲು, ವಿಮಾನ ಹತ್ತಲು ಒಂದು ಚೀಟಿ ಬೇಕು. ಅದನ್ನು ಒಂದಿಷ್ಟು ಹಣ ಕೊಟ್ಟು ತರಿಸಿಕೊಂಡರೆ ತಪ್ಪೇನು? ಅದರಿಂದ ಯಾರಿಗೆ ನಷ್ಟ?

ಚೀಟಿ ಕೇಳಿದ ದಿನಗಳು

ರೋಗ ಬಂದಾಗ ಪ್ರಯಾಣಿಕರಿಂದ ಚೀಟಿ ಕೇಳುವುದು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದಾಗ, ನಮ್ಮ ಕರಾವಳಿಯೂ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ಸೋಂಕಿನ ಊರುಗಳಿಂದ ಬರುವವರಿಗೆ 'ಪ್ಲೇಗ್ ಪಾಸ್‌ಪೋರ್ಟ್' ಕೊಡುತ್ತಿದ್ದರು. ಅದನ್ನು ಹಿಡಿದವನು ತಾನು ಸೇರಿದ ಊರಿನಲ್ಲಿ ದಿನಾ ಅಧಿಕಾರಿಗಳ ಮುಂದೆ ಹಾಜರಾಗಬೇಕಿತ್ತು. ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದ 1898ರಲ್ಲೇ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗ್ ನಿಯಮಗಳ ವಿರುದ್ಧ ಜನ ದಂಗೆ ಎದ್ದರು. ರೋಗದ ಭಯ ಒಂದು ಕಡೆ, ರೋಗ ತಡೆಯಲು ಬಂದ ಅಧಿಕಾರಿಯ ಭಯ ಇನ್ನೊಂದು ಕಡೆ. ಈ ಎರಡು ಭಯಗಳ ನಡುವೆ ಸಿಕ್ಕಿಕೊಂಡ ಸಾಮಾನ್ಯ ಜನರ ಕಥೆ ಅಂದಿನಿಂದ ಇಂದಿನವರೆಗೂ ಒಂದೇ.

ನಮ್ಮ ಕಾಲಕ್ಕೆ ಬರೋಣ. ಭಾರತದಲ್ಲಿ ಕೋವಿಡ್ ಲಸಿಕೆ ಶುರುವಾದದ್ದು 2021ರ ಜನವರಿ 16ರಂದು. ಆ ವರ್ಷದ ಆಗಸ್ಟಿನಲ್ಲಿ ಕೇರಳದಿಂದ ಕರ್ನಾಟಕಕ್ಕೆ ಬರುವವರು, ಲಸಿಕೆ ಹಾಕಿಸಿಕೊಂಡಿದ್ದರೂ ಸಹ, 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ತೋರಿಸಬೇಕೆಂಬ ನಿಯಮ ಬಂತು. ಕಾಸರಗೋಡಿನ ಕನ್ನಡಿಗರಿಗೆ ಮಂಗಳೂರು ಎಂದರೆ ಆಸ್ಪತ್ರೆ, ಕಾಲೇಜು, ಸಂಬಳ ಎಲ್ಲವೂ. ಗಡಿ ಅವರ ಅಂಗಳದಲ್ಲೇ ಹಾದುಹೋಗುತ್ತದೆ. ಮೂರು ದಿನಕ್ಕೊಮ್ಮೆ ಪರೀಕ್ಷೆ ಮಾಡಿಸುವುದು ಯಾರಿಗೆ ಸಾಧ್ಯ? ತಲಪಾಡಿಯ ತಪಾಸಣಾ ಕೇಂದ್ರದಲ್ಲಿ ನಕಲಿ ವರದಿ ತೋರಿಸಿ ಸಿಕ್ಕಿಬಿದ್ದವರ ಸುದ್ದಿ ಆಗ ಪತ್ರಿಕೆಗಳಲ್ಲಿ ಬಂತು.

ಅದೇ ಸೆಪ್ಟೆಂಬರಿನ ಹೊತ್ತಿಗೆ ಚಾಮರಾಜನಗರದಲ್ಲಿ ಲಸಿಕೆ ಹಾಕಿಸಿಕೊಳ್ಳದವರಿಗೆ ಪಡಿತರವಿಲ್ಲ, ಪಿಂಚಣಿಯಿಲ್ಲ ಎಂಬ ಘೋಷಣೆ ಹೊರಟಿತು; ಅದಕ್ಕೆ ವಿರೋಧವೂ ಬಂತು. ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಕರ್ನಾಟಕದಲ್ಲೇ ಪತ್ತೆಯಾದವು. ಮರುದಿನವೇ ರಾಜ್ಯ ಸರ್ಕಾರ ಆದೇಶ ಹೊರಡಿಸಿತು. ಎರಡು ಡೋಸ್ ಆದವರಿಗೆ ಮಾತ್ರ ಮಾಲ್, ಸಿನಿಮಾ ಮಂದಿರಗಳಿಗೆ ಪ್ರವೇಶ. ಶಾಲಾಕಾಲೇಜಿಗೆ ಬರುವ ಮಕ್ಕಳ ತಂದೆತಾಯಿಗಳಿಗೆ ಎರಡೂ ಡೋಸ್ ಆಗಿರಬೇಕು. ಸಿನಿಮಾ ಬಿಟ್ಟರೂ ನಡೆದೀತು, ಆದರೆ ಮಗುವಿನ ಶಾಲೆಯ ಮಾತು ಬಂದಾಗ ಯಾವ ತಾಯಿಯ ಕೈ ನಡುಗುವುದಿಲ್ಲ?

ಮೋಸ ಬಂದ ದಾರಿಗಳು

ಸುಳ್ಳು ಚೀಟಿ ಎಂದ ಕೂಡಲೇ ನಾವು ಅದನ್ನು ಕೊಂಡವನ ಕಡೆ ಬೆರಳು ತೋರಿಸುತ್ತೇವೆ. ಸ್ವಲ್ಪ ನಿಂತು ನೋಡಿದರೆ ಮೋಸ ಹಲವು ದಿಕ್ಕುಗಳಿಂದ ಬಂದದ್ದು ಕಾಣುತ್ತದೆ.

ಒಂದನೆಯದು, ಪ್ರಾಮಾಣಿಕನನ್ನೇ ವಂಚಿಸಿದ್ದು. 2021ರ ಮೇ 30ರಂದು ಮುಂಬಯಿಯ ಕಾಂದಿವಲಿಯ ಒಂದು ವಸತಿ ಸಮುಚ್ಚಯದಲ್ಲಿ 390 ಮಂದಿ ತಲಾ 1,260 ರೂಪಾಯಿ ಕೊಟ್ಟು ಲಸಿಕೆ ಹಾಕಿಸಿಕೊಂಡರು. ಯಾರಿಗೂ ಜ್ವರ ಬರಲಿಲ್ಲ, ಮೈಕೈ ನೋವೂ ಬರಲಿಲ್ಲ. ಆಮೇಲೆ ಬಂದ ಪ್ರಮಾಣಪತ್ರಗಳಲ್ಲಿ ಬೇರೆ ಬೇರೆ ಆಸ್ಪತ್ರೆಗಳ ಹೆಸರು. ವಿಚಾರಿಸಿದರೆ ಆ ಆಸ್ಪತ್ರೆಗಳು ನಮಗೆ ಗೊತ್ತೇ ಇಲ್ಲ ಎಂದವು. ಮರು ತಿಂಗಳು ಕೋಲ್ಕತ್ತಾದಲ್ಲಿ ಐಎಎಸ್ ಅಧಿಕಾರಿಯ ವೇಷ ಹಾಕಿದವನೊಬ್ಬ ನಡೆಸಿದ ಶಿಬಿರದಲ್ಲಿ ಒಬ್ಬ ಸಂಸದೆಯೇ ಸೂಜಿ ಚುಚ್ಚಿಸಿಕೊಂಡರು. ಮೊಬೈಲಿಗೆ ಸಂದೇಶ ಬಾರದೇ ಹೋದಾಗ ಅವರಿಗೆ ಅನುಮಾನ ಬಂದು ಮೋಸ ಹೊರಬಿತ್ತು. ಗಮನಿಸಿ: ಇಲ್ಲಿ ಕಳ್ಳನನ್ನು ಹಿಡಿದುಕೊಟ್ಟದ್ದು ಬಾರದೇ ಹೋದ ಆ ಪ್ರಮಾಣಪತ್ರವೇ.

ಎರಡನೆಯದು, ಕಾವಲಿದ್ದವರೇ ಕದ್ದದ್ದು. ಸರ್ಕಾರ ಉಚಿತವಾಗಿ ಕೊಡುವ ಲಸಿಕೆಯನ್ನು ಹಣಕ್ಕೆ ಹಾಕುತ್ತಿದ್ದ ಆರೋಪದ ಮೇಲೆ 2021ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಆರೋಗ್ಯ ಕೇಂದ್ರದ ವೈದ್ಯರೊಬ್ಬರ ಬಂಧನವಾಯಿತು. ಜನ ಲಸಿಕೆಗಾಗಿ ಬೆಳಗಿನ ಜಾವದಿಂದ ಸಾಲು ನಿಂತಿದ್ದ ದಿನಗಳವು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಮೂರನೆಯದು, ಲೆಕ್ಕ ತುಂಬಿಸಲು ಬರೆದ ಸುಳ್ಳು. 2021ರ ಕೊನೆಯಲ್ಲಿ ದೇಶದ ಹಲವು ಕಡೆಗಳಿಂದ ಒಂದೇ ಬಗೆಯ ದೂರು ಬಂತು. ಎರಡನೆಯ ಡೋಸ್ ಹಾಕಿಸಿಕೊಳ್ಳದವರ ಮೊಬೈಲಿಗೆ 'ನಿಮಗೆ ಲಸಿಕೆ ಹಾಕಲಾಗಿದೆ' ಎಂಬ ಸಂದೇಶ. ತಿಂಗಳುಗಳ ಹಿಂದೆ ತೀರಿಹೋದ ತಂದೆಗೆ ಲಸಿಕೆ ಆಯಿತೆಂದು ಮಗನಿಗೆ ಬಂದ ಸಂದೇಶ. ಬಿಹಾರದ ಅರ್ವಲ್ ಜಿಲ್ಲೆಯ ಪಟ್ಟಿಯಲ್ಲಂತೂ ಪ್ರಧಾನಮಂತ್ರಿಯ ಹೆಸರೂ ಸಿನಿಮಾ ನಟಿಯ ಹೆಸರೂ ಸಿಕ್ಕವು. ಗುರಿ ಮುಟ್ಟಬೇಕೆಂಬ ಒತ್ತಡ ಮೇಲಿನಿಂದ ಬಂದಾಗ ಕೆಳಗಿನವನು ಅಂಕಿ ತುಂಬಿಸುತ್ತಾನೆ. ಜನರು ಸುಳ್ಳು ಚೀಟಿ ಕೊಂಡರೆ ಅಪರಾಧ. ಅಧಿಕಾರವೇ ಸುಳ್ಳು ಚೀಟಿ ಕೊಟ್ಟರೆ? ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗದೆ ನಾವು ನ್ಯಾಯದ ಮಾತಾಡಲಾರೆವು.

ನಾಲ್ಕನೆಯದು, ಭಯವನ್ನೇ ಬಂಡವಾಳ ಮಾಡಿಕೊಂಡ ದೂರವಾಣಿ ಕಳ್ಳರು. 2022ರ ಜನವರಿಯಲ್ಲಿ ಮುನ್ನೆಚ್ಚರಿಕೆ ಡೋಸ್ ಪ್ರಾರಂಭವಾದಾಗ, 'ನಿಮ್ಮ ಡೋಸ್ ನೋಂದಣಿ ಮಾಡುತ್ತೇವೆ, ಒಟಿಪಿ ಹೇಳಿ' ಎಂದು ಹಿರಿಯರಿಗೆ ಕರೆ ಮಾಡಿ ಬ್ಯಾಂಕಿನ ಹಣ ಎತ್ತಿದರು. ಲಸಿಕೆಯ ಹೆಸರು ಈಗ ಹಳೆಯದಾಗಿದೆ, ಆ ಕಳ್ಳರು ಮಾತ್ರ ಬೇರೆ ಬೇರೆ ಹೆಸರಿನಲ್ಲಿ ಇಂದೂ ಕರೆ ಮಾಡುತ್ತಲೇ ಇದ್ದಾರೆ.

ಚೀಟಿಯ ಹಿಂದೆ ಇರುವುದೇನು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಯಾರಿಗೆ ನಷ್ಟ?

ಭದ್ರಾವತಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಊರು ಕಬ್ಬಿಣಕ್ಕೂ ಕಾಗದಕ್ಕೂ ಹೆಸರಾದ ಊರು. ಕಾಗದದ ಕಾರ್ಖಾನೆ ನಿಂತುಹೋಗಿದೆ, ಉಕ್ಕಿನ ಕಾರ್ಖಾನೆಯ ಕಷ್ಟಗಳು ನಿಮಗೇ ಗೊತ್ತು. ಅಲ್ಲಿ ದುಡಿದ ಹಿರಿಯರನ್ನು ಕೇಳಿ ನೋಡಿ. ಮಿಶ್ರಲೋಹದ ಉಕ್ಕು ಗೇಟು ದಾಟುವಾಗ ಅದರ ಜೊತೆ ಪರೀಕ್ಷೆಯ ಪ್ರಮಾಣಪತ್ರವೊಂದು ಹೋಗುತ್ತದೆ. ಯಾವ ಹೀಟಿನ ಉಕ್ಕು, ಇಂಗಾಲ ಎಷ್ಟು, ಮ್ಯಾಂಗನೀಸ್ ಎಷ್ಟು, ಎಷ್ಟು ಎಳೆತ ತಡೆಯುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಕೊಳ್ಳುವವನು ಆ ಉಕ್ಕನ್ನು ಕಡಿದು ನೋಡುವುದಿಲ್ಲ, ಕಾಗದವನ್ನು ನಂಬುತ್ತಾನೆ. ಲ್ಯಾಬಿನಲ್ಲಿ ಕೂತವನು ಪರೀಕ್ಷೆ ಮಾಡದೆ ಸಂಖ್ಯೆ ಬರೆದುಬಿಟ್ಟರೆ ಆ ದಿನ ಭದ್ರಾವತಿಯಲ್ಲಿ ಯಾರಿಗೂ ನಷ್ಟವಿಲ್ಲ. ಎಷ್ಟೋ ತಿಂಗಳ ಮೇಲೆ, ಎಲ್ಲೋ ದೂರದಲ್ಲಿ, ಒಂದು ಅಚ್ಚು ಮುರಿಯುತ್ತದೆ. ಆ ಗಾಡಿಯಲ್ಲಿದ್ದವರ ಹೆಸರೂ ಊರೂ ಸುಳ್ಳು ಬರೆದವನಿಗೆ ಗೊತ್ತಾಗುವುದೇ ಇಲ್ಲ. ತನ್ನಿಂದ ಯಾರಿಗೂ ಕೆಡುಕಾಗಿಲ್ಲ ಎಂದುಕೊಂಡೇ ಅವನು ನಿವೃತ್ತನಾಗಬಹುದು.

ಪ್ರಮಾಣಪತ್ರ ಎಂದರೆ ಸಾಕ್ಷಿ. ಸ್ವತಃ ನೋಡಲಾಗದವರಿಗೆ ನೋಡಿದವನೊಬ್ಬ ಕೊಟ್ಟ ಮಾತು ಅದು. ದೇವರ ಕಟ್ಟಳೆಗಳಲ್ಲಿ ಎಂಟನೆಯದು ಸುಳ್ಳು ಸಾಕ್ಷಿಯ ಬಗ್ಗೆ. ಅದು ನ್ಯಾಯಾಲಯದ ಕಟಕಟೆಗೆ ಮಾತ್ರ ಸಂಬಂಧಿಸಿದ್ದೆಂದು ನಾವು ತಿಳಿದರೆ ತಪ್ಪಾಗುತ್ತದೆ. ನಮ್ಮ ಧರ್ಮಕೇಂದ್ರದ ಕಚೇರಿಯಿಂದ ಯಾರಾದರೂ ಜ್ಞಾನಸ್ನಾನದ ಸುಳ್ಳು ಸರ್ಟಿಫಿಕೇಟು ಪಡೆದು ಮದುವೆಗೆ ನಿಂತರೆ ನಾವು ಸುಮ್ಮನಿರುತ್ತೇವೆಯೇ? ರೋಗದ ವಿಷಯದಲ್ಲಿ ಚೀಟಿ ಹಿಡಿದು ನಿಂತವನೂ ಒಂದು ಸಾಕ್ಷಿ ಹೇಳುತ್ತಿದ್ದಾನೆ: 'ನನ್ನ ಪಕ್ಕದಲ್ಲಿ ಕೂರಲು ನೀವು ಅಂಜಬೇಕಾಗಿಲ್ಲ.'

ಹಳೆಯ ಒಡಂಬಡಿಕೆಯ ಕಾಲದಲ್ಲೂ ಇಂಥ ಸಾಕ್ಷಿಯಿತ್ತು. ಚರ್ಮರೋಗ ವಾಸಿಯಾದವನು ಯಾಜಕನ ಬಳಿ ಹೋಗಿ ತೋರಿಸಿಕೊಳ್ಳಬೇಕು, ಯಾಜಕ ನೋಡಿ ಶುದ್ಧನೆಂದು ಹೇಳಿದ ಮೇಲೆ ಅವನು ಊರೊಳಗೆ ಬರಬಹುದು ಎಂದು ಯಾಜಕಕಾಂಡದಲ್ಲಿ ವಿವರವಾಗಿ ಬರೆದಿದೆ. ಪ್ರಭು ಯೇಸು ಕುಷ್ಠರೋಗಿಯನ್ನು ಒಂದು ಸ್ಪರ್ಶದಿಂದ ಗುಣಪಡಿಸಿದ ಮೇಲೆ ಅವನನ್ನು ನೇರವಾಗಿ ಮನೆಗೆ ಕಳುಹಿಸಲಿಲ್ಲ, ಯಾಜಕನಿಗೆ ತೋರಿಸಿಕೊಳ್ಳಲು ಕಳುಹಿಸಿದರು. ಗುಣವಾಗಿದ್ದು ನಿಜವೇ, ಆದರೂ ಊರಿನ ಜನರ ಭಯ ಕಳೆಯಲು ಸಾಕ್ಷಿ ಬೇಕೆಂಬುದನ್ನು ಅವರು ಕಡೆಗಣಿಸಲಿಲ್ಲ.

ಸುಳ್ಳು ಚೀಟಿಯಿಂದ ಇನ್ನೊಂದು ನಷ್ಟವೂ ಇದೆ. ಅದು ನಿಜವಾದ ಚೀಟಿ ಇರುವವನಿಗೆ ಆಗುವ ನಷ್ಟ. 2012ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾ ತನ್ನ ನೆಲದಲ್ಲಿ ಬಂದಿಳಿದ 125 ಮಂದಿ ನೈಜೀರಿಯನ್ನರನ್ನು, ಅವರ ಹಳದಿ ಜ್ವರದ ಲಸಿಕಾ ಕಾರ್ಡುಗಳ ಮೇಲೆ ಅನುಮಾನಪಟ್ಟು ವಾಪಸು ಕಳುಹಿಸಿತು. ನೈಜೀರಿಯಾ ಸಿಟ್ಟಿಗೆದ್ದು ದಕ್ಷಿಣ ಆಫ್ರಿಕನ್ನರನ್ನು ವಾಪಸು ಕಳುಹಿಸಿತು. ಕೊನೆಗೆ ದಕ್ಷಿಣ ಆಫ್ರಿಕಾ ಕ್ಷಮೆ ಕೇಳಿತು. ನಕಲಿ ಕಾರ್ಡಿನ ವ್ಯಾಪಾರ ಎಲ್ಲೆಡೆ ಹರಡಿದಾಗ ಆಗುವುದು ಇದೇ: ಸಾಲು ನಿಂತು, ಸೂಜಿ ಚುಚ್ಚಿಸಿಕೊಂಡು, ನಿಜವಾದ ಕಾರ್ಡು ಹಿಡಿದು ಬಂದ ಬಡವನನ್ನೂ ಜನ ಕಳ್ಳನಂತೆ ನೋಡುತ್ತಾರೆ.

ನಮ್ಮ ಜಿಲ್ಲೆಯ ಹಳದಿ ಕಾರ್ಡು

ಹಳದಿ ಜ್ವರಕ್ಕೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಹತ್ತಿರದ್ದೇ. ಶಿವಮೊಗ್ಗ, ಚನ್ನಗಿರಿ ಸುತ್ತಿನಲ್ಲಿ ಹಕ್ಕಿಪಿಕ್ಕಿ ಜನರ ವಸತಿಗಳಿವೆ. ಹಕ್ಕಿ ಹಿಡಿದು, ಬೇಟೆಯಾಡಿ ಬದುಕುತ್ತಿದ್ದವರು ಅವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಸುಬು ನಿಂತಿತು. ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರಲು ಊರೂರು ತಿರುಗಿದವರು ಈಗ ಆಫ್ರಿಕಾದ ದೇಶಗಳವರೆಗೂ ಹೋಗಿಬರುತ್ತಾರೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ 31 ಮಂದಿ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಕೊಂಡಿರುವುದು ಸುದ್ದಿಯಾಯಿತು. ಅವರಲ್ಲಿ ಶಿವಮೊಗ್ಗದವರೂ ಇದ್ದರು. 'ಆಪರೇಷನ್ ಕಾವೇರಿ' ಎಂಬ ಹೆಸರಿನಲ್ಲಿ ಭಾರತ ಸರ್ಕಾರ ತನ್ನ ಜನರನ್ನು ಕರೆತಂದಿತು. ಗುಂಡಿನ ಸದ್ದಿನಿಂದ ತಪ್ಪಿಸಿಕೊಂಡು ಬೆಂಗಳೂರಿನಲ್ಲಿ ಇಳಿದವರ ಪೈಕಿ ಹಳದಿ ಜ್ವರದ ಲಸಿಕಾ ಕಾರ್ಡು ಇಲ್ಲದವರನ್ನು ಪ್ರತ್ಯೇಕವಾಗಿ ಇರಿಸಬೇಕಾಯಿತು.

ಕಠೋರ ಎನಿಸುತ್ತದೆ. ಆದರೆ ಕಾರಣವಿದೆ. ಹಳದಿ ಜ್ವರ ಭಾರತದಲ್ಲಿ ಇಲ್ಲ. ಅದನ್ನು ಹರಡುವ ಈಡಿಸ್ ಸೊಳ್ಳೆ ಮಾತ್ರ ನಮ್ಮ ಮನೆಯ ತೊಟ್ಟಿಯಲ್ಲೇ ಇದೆ. ಡೆಂಗ್ಯೂ ತರುವುದೂ ಅದೇ. ಸೋಂಕು ತಗುಲಿದ ಒಬ್ಬರು ಬಂದು, ಒಂದು ಸೊಳ್ಳೆ ಕಚ್ಚಿ, ಇನ್ನೊಬ್ಬರಿಗೆ ದಾಟಿಸಿದರೆ ಸಾಕು. ರೋಗಕ್ಕೆ ನಿರ್ದಿಷ್ಟ ಔಷಧಿಯಿಲ್ಲ. ತೀವ್ರ ಹಂತ ಮುಟ್ಟಿದವರಲ್ಲಿ ಅರ್ಧದಷ್ಟು ಜನ ಉಳಿಯುವುದಿಲ್ಲ. 2016ರಲ್ಲಿ ಅಂಗೋಲಾದಿಂದ ಮರಳಿದ 11 ಮಂದಿ ಕೆಲಸಗಾರರ ಮೂಲಕ ಈ ರೋಗ ಮೊದಲ ಬಾರಿ ಏಷ್ಯಾದ ನೆಲಕ್ಕೆ, ಚೀನಾಕ್ಕೆ ಬಂತು. ಪುಣ್ಯಕ್ಕೆ ಅಲ್ಲಿ ಹರಡಲಿಲ್ಲ. ಇದಕ್ಕೆದುರಾಗಿ ನಮ್ಮ ಕೈಯಲ್ಲಿರುವುದು ಒಂದು ಒಳ್ಳೆಯ ಲಸಿಕೆ. ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕೆಂದು 2016ರಿಂದ ಅಂತರರಾಷ್ಟ್ರೀಯ ನಿಯಮವೇ ಒಪ್ಪಿದೆ. ಹಾಕಿಸಿಕೊಂಡ ಹತ್ತು ದಿನಗಳ ಮೇಲೆ ಕಾರ್ಡು ಜಾರಿಗೆ ಬರುತ್ತದೆ.

ಆ ಹತ್ತು ದಿನಗಳಲ್ಲೇ ಕಳ್ಳನಿಗೆ ಜಾಗವಿರುವುದು. ಯಾರಾದರೂ ಒಬ್ಬ ಪ್ರಯಾಣಿಕನನ್ನು ಊಹಿಸಿಕೊಳ್ಳಿ. ಸಾಲ ಮಾಡಿ ಟಿಕೆಟ್ ಕೊಂಡಿದ್ದಾನೆ. ಹೊರಡಲು ಐದೇ ದಿನ ಉಳಿದಿದೆ. ಸರ್ಕಾರ ಗುರುತಿಸಿದ ಕೆಲವೇ ಕೇಂದ್ರಗಳಲ್ಲಿ, ಗೊತ್ತಾದ ದಿನಗಳಲ್ಲಿ ಮಾತ್ರ ಈ ಲಸಿಕೆ. ಓದು ಬರಹ ಹೆಚ್ಚಿಲ್ಲ. ದಲ್ಲಾಳಿ ಬಂದು, 'ಸೂಜಿನೂ ಬೇಡ, ಓಡಾಟನೂ ಬೇಡ, ಹಿಂದಿನ ತಾರೀಖು ಹಾಕಿ ಕಾರ್ಡು ನಾನೇ ತಂದುಕೊಡ್ತೀನಿ ಬಿಡಣ್ಣ' ಎನ್ನುತ್ತಾನೆ. ಆ ಕಾರ್ಡಿನಿಂದ ಗಡಿಯ ಅಧಿಕಾರಿ ಮೋಸಹೋಗಬಹುದು, ಸೊಳ್ಳೆ ಮೋಸಹೋಗುವುದಿಲ್ಲ. ಮೊದಲು ಸಾಯುವ ಅಪಾಯವಿರುವುದು ಕಾರ್ಡು ಕೊಂಡವನಿಗೇ. ಆಮೇಲೆ ಅವನು ಮರಳಿ ಬರುವ ಮನೆಯ ಮಕ್ಕಳಿಗೆ. ದಲ್ಲಾಳಿಗೆ ಮಾತ್ರ ಯಾವ ಅಪಾಯವೂ ಇಲ್ಲ. ಯಾರಿಗೆ ನಷ್ಟ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೇ?

ನಿಯಮವೇ ಸರಿಯಿಲ್ಲದಿದ್ದರೆ?

ಇಲ್ಲಿ ಒಬ್ಬ ಬುದ್ಧಿವಂತ ಓದುಗರು ತಡೆದು ಕೇಳಬಹುದು: 'ಹಳದಿ ಜ್ವರದ ಮಾತು ಒಪ್ಪಿದೆ. ಕೋವಿಡ್ ಕಥೆಯೇ ಬೇರೆ. ಆ ಲಸಿಕೆ ಹಾಕಿಸಿಕೊಂಡವರಿಗೂ ರೋಗ ಬಂತು, ಅವರಿಂದಲೂ ಹರಡಿತು. ಹಾಗಿದ್ದ ಮೇಲೆ ಚೀಟಿ ಕೇಳಿದ್ದೇ ಅನ್ಯಾಯ. ಅನ್ಯಾಯದ ನಿಯಮಕ್ಕೆ ಸುಳ್ಳು ಚೀಟಿ ತೋರಿಸಿದರೆ ಪಾಪವೇ?'

ಪ್ರಶ್ನೆಯ ಮೊದಲ ಭಾಗದಲ್ಲಿ ಸತ್ಯಾಂಶವಿದೆ. ಆ ಲಸಿಕೆ ತೀವ್ರ ಕಾಯಿಲೆಯಿಂದ, ಸಾವಿನಿಂದ ಬಹಳ ಜನರನ್ನು ಕಾಪಾಡಿತು. ಸೋಂಕು ಹರಡುವುದನ್ನು ಮಾತ್ರ, ಅದರಲ್ಲೂ ಓಮಿಕ್ರಾನ್ ಬಂದ ಮೇಲೆ, ಪೂರ್ತಿಯಾಗಿ ತಡೆಯಲಿಲ್ಲ. 2022ರ ಮೇ 2ರಂದು ಸರ್ವೋಚ್ಚ ನ್ಯಾಯಾಲಯ, ಜೇಕಬ್ ಪುಲಿಯೆಲ್ ಎಂಬುವರು ಹೂಡಿದ್ದ ದಾವೆಯಲ್ಲಿ, ಯಾರನ್ನೂ ಬಲವಂತವಾಗಿ ಲಸಿಕೆಗೆ ಒಳಪಡಿಸುವಂತಿಲ್ಲ, ದೇಹದ ಮೇಲಿನ ಹಕ್ಕು ಸಂವಿಧಾನದ 21ನೆಯ ವಿಧಿಯಲ್ಲೇ ಅಡಗಿದೆ ಎಂದಿತು. ಸರ್ಕಾರದ ಲಸಿಕಾ ನೀತಿಯನ್ನು ಅದು ತಳ್ಳಿಹಾಕಲಿಲ್ಲ. ಆದರೆ ಲಸಿಕೆ ಹಾಕಿಸಿಕೊಳ್ಳದವರ ಮೇಲೆ ಹೇರಿದ ನಿರ್ಬಂಧಗಳು ಮುಂದಿಟ್ಟ ಆಧಾರಗಳಿಗೆ ತಕ್ಕಷ್ಟಿಲ್ಲ, ಸೋಂಕು ಕಡಿಮೆಯಿರುವಾಗ ಅವುಗಳನ್ನು ಹಿಂತೆಗೆಯಬೇಕು ಎಂದು ಸೂಚಿಸಿತು.

ಧರ್ಮಸಭೆಯ ಮಾತೂ ಇದಕ್ಕೆ ಹತ್ತಿರವೇ ಇತ್ತು. 2020ರ ಡಿಸೆಂಬರ್ 21ರಂದು ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ಮಂಡಳಿಯ ಟಿಪ್ಪಣಿ ಪ್ರಕಟವಾಯಿತು. ಲಸಿಕೆ ಸಾಮಾನ್ಯವಾಗಿ ಕಡ್ಡಾಯವಾದ ನೈತಿಕ ಕರ್ತವ್ಯವಲ್ಲ, ಅದು ಸ್ವಇಚ್ಛೆಯದಾಗಿರಬೇಕು. ಆದರೆ ಸರ್ವರ ಹಿತವನ್ನು ಕಾಯುವ ಕರ್ತವ್ಯ ಎಲ್ಲರಿಗೂ ಇದೆ. ಮನಸ್ಸಾಕ್ಷಿಯ ಕಾರಣಕ್ಕೆ ಬೇಡವೆನ್ನುವವರು ತಮ್ಮಿಂದ ಇತರರಿಗೆ ರೋಗ ಹರಡದಂತೆ ಬೇರೆ ರೀತಿಯಲ್ಲಿ ಎಚ್ಚರ ವಹಿಸಬೇಕು ಎಂಬುದು ಅದರ ಸಾರ. ಜಗದ್ಗುರು ಫ್ರಾನ್ಸಿಸ್‌ರವರು 2021ರ ಆಗಸ್ಟ್‌ನಲ್ಲಿ ಲಸಿಕೆಯನ್ನು ಪ್ರೀತಿಯ ಕಾರ್ಯವೆಂದು ಕರೆದರು. ಪ್ರೀತಿಯ ಕಾರ್ಯವನ್ನು ಬಲವಂತದಿಂದ ಮಾಡಿಸಲಾಗುವುದಿಲ್ಲವಲ್ಲವೇ?

ಹಾಗಾದರೆ ಬೇಡವೆನ್ನುವ ಹಕ್ಕಿದೆ. ಬೇಡವೆಂದು ಹೇಳಿ, ಅದರ ಕಷ್ಟನಷ್ಟ ಹೊರುವವನನ್ನು ನಾವು ಗೌರವಿಸಬೇಕು. ಹಾಕಿಸಿಕೊಂಡವನನ್ನೂ ಗೌರವಿಸಬೇಕು. ಸುಳ್ಳು ಚೀಟಿ ಕೊಂಡವನು ಈ ಇಬ್ಬರ ಸಾಲಿನಲ್ಲೂ ನಿಲ್ಲುವುದಿಲ್ಲ. ಅನ್ಯಾಯದ ನಿಯಮವನ್ನು ಅವನು ವಿರೋಧಿಸುವುದೂ ಇಲ್ಲ. ಅದನ್ನು ಹಾಗೆಯೇ ಉಳಿಸಿ, ತಾನೊಬ್ಬನೇ ಪಕ್ಕಕ್ಕೆ ನುಸುಳಿಕೊಳ್ಳುತ್ತಾನೆ. ಹಣವಿಲ್ಲದವನು ಹೊರಗೇ ಉಳಿಯುತ್ತಾನೆ. ಎಲ್ಲರ ಚೀಟಿಯೂ ಸರಿಯಿರುವಂತೆ ಕಂಡಾಗ ನಿಯಮ ತಪ್ಪೆಂದು ಅಧಿಕಾರಿಗೆ ತಿಳಿಯುವ ಬಗೆ ಹೇಗೆ?

ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ತೊಂಬತ್ತು ವರ್ಷದ ಎಲಿಯಾಜರನ ಕಥೆಯಿದೆ. ನಿಷಿದ್ಧ ಮಾಂಸವನ್ನು ತಿನ್ನಬೇಕೆಂಬುದು ಅರಸನ ಆಜ್ಞೆ. ಹಳೆಯ ಪರಿಚಯದ ಅಧಿಕಾರಿಗಳಿಗೆ ಮುದುಕನ ಮೇಲೆ ಕನಿಕರ. ಬೇರೆ ಮಾಂಸ ತಂದು, ಆಜ್ಞೆಯಂತೆ ತಿಂದ ಹಾಗೆ ನಟಿಸಿಬಿಡು, ಜೀವ ಉಳಿಯುತ್ತದೆ ಎಂದು ಗುಟ್ಟಾಗಿ ಹೇಳಿದರು. ಅವನು ಒಪ್ಪಲಿಲ್ಲ. ಅವನು ಕೊಟ್ಟ ಕಾರಣವನ್ನು ಗಮನಿಸಿ: ತನ್ನ ನಟನೆ ಕಂಡು ಎಳೆಯರು ದಾರಿ ತಪ್ಪುತ್ತಾರಲ್ಲ ಎಂಬ ಚಿಂತೆ ಅವನದು. ಮನೆಯಲ್ಲಿ ಮಕ್ಕಳಿರುವ ನಾವು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಅಪ್ಪ ಚೀಟಿ ಕೊಂಡದ್ದನ್ನು ಮಗ ನೋಡಿದ್ದಾನೆ. ನಾಳೆ ಅವನು ಅಂಕಪಟ್ಟಿ ಕೊಂಡರೆ ಅಪ್ಪನಿಗೆ ಯಾವ ಬಾಯಿ?

ಇನ್ನೊಂದು ಉದಾಹರಣೆ ನಮ್ಮ ಧರ್ಮಸಭೆಯ ಇತಿಹಾಸದ್ದೇ. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸ್, ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಅದಕ್ಕೆ ಅಧಿಕಾರಿಗಳಿಂದ ಚೀಟಿ ಪಡೆಯಬೇಕೆಂದು ಆಜ್ಞೆ ಮಾಡಿದ. ಈಜಿಪ್ಟಿನ ಮರಳಿನಲ್ಲಿ ಅಂಥ ನಲವತ್ತಕ್ಕೂ ಹೆಚ್ಚು ಚೀಟಿಗಳು ಸಿಕ್ಕಿವೆ. ಕೆಲವು ಕ್ರೈಸ್ತರು ಬಲಿ ಕೊಟ್ಟರು. ಕೆಲವರು ಪ್ರಾಣ ಕೊಟ್ಟರು. ಇನ್ನು ಕೆಲವರು ಬಲಿ ಕೊಡದೆಯೇ ಲಂಚ ಕೊಟ್ಟು ಚೀಟಿ ಕೊಂಡರು. ಲಸಿಕೆಯನ್ನು ವಿಗ್ರಹದ ಬಲಿಗೆ ಹೋಲಿಸಲು ಇದನ್ನು ಹೇಳುತ್ತಿಲ್ಲ. ಎರಡಕ್ಕೂ ಯಾವ ಹೋಲಿಕೆಯೂ ಇಲ್ಲ. ಆದರೆ ಚೀಟಿ ಕೊಂಡವರನ್ನು ಧರ್ಮಸಭೆ ಹೇಗೆ ಕಂಡಿತು ಎಂಬುದರಲ್ಲಿ ನಮಗೆ ಪಾಠವಿದೆ. ಆಜ್ಞೆ ಅನ್ಯಾಯದ್ದೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದರೂ ಮಾಡದ್ದನ್ನು ಮಾಡಿದೆನೆಂದು ಬರೆಸಿಕೊಂಡದ್ದು ತಪ್ಪೆಂದೇ ತೀರ್ಮಾನವಾಯಿತು. ಅದೇ ಹೊತ್ತಿಗೆ ಕಾರ್ಥೇಜಿನ ಧರ್ಮಾಧ್ಯಕ್ಷರಾದ ಸಂತ ಸಿಪ್ರಿಯಾನರೂ ಜೊತೆಗಿನ ಧರ್ಮಾಧ್ಯಕ್ಷರೂ 251ರಲ್ಲಿ ಸಭೆ ಸೇರಿ, ಬಲಿ ಕೊಟ್ಟವರನ್ನೂ ಚೀಟಿ ಕೊಂಡವರನ್ನೂ ಒಂದೇ ಎಂದು ಎಣಿಸಲಿಲ್ಲ. ಒಬ್ಬೊಬ್ಬರ ಪರಿಸ್ಥಿತಿಯನ್ನು ವಿಚಾರಿಸಿ, ಪಶ್ಚಾತ್ತಾಪಪಟ್ಟ ಚೀಟಿಯವರನ್ನು ಮೊದಲೇ ಒಳಗೆ ಸೇರಿಸಿಕೊಂಡರು.

ತಪ್ಪನ್ನು ತಪ್ಪೆನ್ನಬೇಕು, ತಪ್ಪಿದವನ ಕಷ್ಟವನ್ನೂ ಕೇಳಬೇಕು. ಕೂಲಿ ಹೋಗುತ್ತದೆಂಬ ಭಯದಿಂದ ಚೀಟಿ ಕೊಂಡ ಕಾರ್ಮಿಕನ ಹೊಣೆಯೂ, ನೂರು ಚೀಟಿ ಮಾರಿ ಮನೆ ಕಟ್ಟಿಸಿದವನ ಹೊಣೆಯೂ ಒಂದೇ ಅಲ್ಲ. ಬಡವನಿಗೆ ನಿಜವಾದ ಚೀಟಿ ಸಿಗುವ ದಾರಿಯನ್ನು ಕಷ್ಟ ಮಾಡಿ, ಸುಳ್ಳಿಗೆ ದಂಡ ಮಾತ್ರ ವಿಧಿಸಿದ ಆಡಳಿತಕ್ಕೂ ಆ ಹೊಣೆಯಲ್ಲಿ ಪಾಲಿದೆ.

ಅನುಮಾನ ಪಡುವವರ ಬಗ್ಗೆ ಒಂದು ಮಾತು

ಲಸಿಕೆಗೆ ಅಂಜುವವರನ್ನು ದಡ್ಡರೆಂದು ಹೀಗಳೆಯುವುದು ಸುಲಭ. ನಮ್ಮ ಜಿಲ್ಲೆಯವರು ಹಾಗೆ ಮಾಡಬಾರದು. ಮಂಗನ ಕಾಯಿಲೆ ಮೊದಲು ಗುರುತಾದದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಲೆನಾಡಿನ ಜನ ಅದಕ್ಕೆಂದು ವರ್ಷವರ್ಷವೂ ನೋವಿನ ಸೂಜಿ ಚುಚ್ಚಿಸಿಕೊಂಡರು. ಕೊನೆಗೆ 2022ರಲ್ಲಿ ಆ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲವೆಂದು ಕಂಡು ಅದನ್ನು ನಿಲ್ಲಿಸಲಾಯಿತು. ಅಂಥ ಅನುಭವವಾದ ಜನ ಮುಂದಿನ ಲಸಿಕೆಯ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದರೆ ತಪ್ಪಲ್ಲ. 2025ರ ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಎದ್ದಾಗ ಮುಖ್ಯಮಂತ್ರಿಗಳೇ ಕೋವಿಡ್ ಲಸಿಕೆಯ ಮೇಲೆ ಸಂಶಯ ವ್ಯಕ್ತಪಡಿಸಿದರು. ಅನಂತರ ರಾಜ್ಯದ ತಜ್ಞರ ಸಮಿತಿ ಪರಿಶೀಲಿಸಿ, ನೇರ ಸಂಬಂಧ ಕಂಡುಬಂದಿಲ್ಲ ಎಂದಿತು. ಪ್ರಶ್ನೆ ಕೇಳುವುದು ಒಳ್ಳೆಯದು. ಉತ್ತರ ಬಂದಾಗ ಕೇಳಿಸಿಕೊಳ್ಳುವುದೂ ಅಷ್ಟೇ ಒಳ್ಳೆಯದು. ಅನುಮಾನಕ್ಕೆ ಮದ್ದು ಸತ್ಯವಾದ ಮಾಹಿತಿ. ಸುಳ್ಳು ಚೀಟಿಗಳು ಆ ಮಾಹಿತಿಯನ್ನೂ ಕೆಡಿಸುತ್ತವೆ. ಹಾಕಿಸಿಕೊಳ್ಳದವನ ಹೆಸರು ಹಾಕಿಸಿಕೊಂಡವರ ಪಟ್ಟಿಯಲ್ಲಿದ್ದರೆ, ಲಸಿಕೆಯಿಂದ ಆದ ಒಳಿತೂ ಕೆಡುಕೂ ಸರಿಯಾಗಿ ಲೆಕ್ಕಕ್ಕೆ ಸಿಗುವುದಿಲ್ಲ.

ನಮ್ಮ ಮನೆಯಲ್ಲಿ

ಇದೆಲ್ಲ ಮುಗಿದ ಕಥೆಯೆಂದು ಪುಟ ಮಡಿಸಬೇಡಿ. ನಿಮ್ಮ ಮನೆಯಲ್ಲಿ ಕೂಸಿದ್ದರೆ ತಾಯಿ ಕಾರ್ಡು ಇದೆ. ಸೂಜಿ ಹಾಕಿದರೆ ಮಗುವಿಗೆ ಜ್ವರ ಬರುತ್ತದೆ, ರಾತ್ರಿಯಿಡೀ ಅಳುತ್ತದೆ ಎಂದು, 'ಕಾರ್ಡಿನಲ್ಲಿ ಬರೆದುಬಿಡಿ ಅಕ್ಕ, ಸೂಜಿ ಮುಂದಿನ ಸಲ ನೋಡೋಣ' ಎಂದು ನರ್ಸಮ್ಮನಿಗೋ ಆಶಾ ಅಕ್ಕನಿಗೋ ಹೇಳುವ ಅಜ್ಜಿಯರಿದ್ದಾರೆ. ಬರೆದದ್ದು ಉಳಿಯುತ್ತದೆ, ಮುಂದಿನ ಸಲ ಬರುವುದಿಲ್ಲ. ಮುಂದೆ ದಡಾರ ಬಂದಾಗ ವೈದ್ಯರು ಕಾರ್ಡು ನೋಡಿ, ಲಸಿಕೆಯಾಗಿದೆ ಎಂದೇ ತಿಳಿಯುತ್ತಾರೆ. ಅಜ್ಜಿಯ ಕನಿಕರ ನಿಜವಾದದ್ದೇ. ಆದರೂ ಮಗುವಿನ ಬಗ್ಗೆ ಅದೊಂದು ಸುಳ್ಳು ಸಾಕ್ಷಿಯಾಗಿಬಿಡುತ್ತದೆ. ಅಂಜಿಕೆಯಿದ್ದರೆ ಅದನ್ನೇ ಬಾಯಿಬಿಟ್ಟು ಹೇಳಿ. ವೈದ್ಯಕೀಯ ಕಾರಣದಿಂದ ಲಸಿಕೆ ಆಗದವರಿಗೆ ವಿನಾಯಿತಿ ಪತ್ರ ಕೊಡುವ ಕ್ರಮವೂ ಇದೆ. ಅದನ್ನು ಕೇಳಿ ಪಡೆಯುವುದರಲ್ಲಿ ನಾಚಿಕೆಯಿಲ್ಲ.

ಹೊರದೇಶಕ್ಕೆ ಹೊರಡುವ ನೆರೆಯವರಿದ್ದರೆ ಟಿಕೆಟ್‌ಗಿಂತ ಮೊದಲು ಲಸಿಕೆಯ ದಿನ ಗೊತ್ತುಮಾಡಲು ನೆನಪಿಸಿ, ಓದು ಬಾರದವರ ಜೊತೆ ಒಂದು ದಿನ ಹೋಗಿಬನ್ನಿ. ದಲ್ಲಾಳಿ ಇರುವ ಜಾಗದಲ್ಲಿ ನೆರೆಯವರು ನಿಂತರೆ ಅವನಿಗೆ ಅಲ್ಲಿ ಕೆಲಸವಿರುವುದಿಲ್ಲ. ಮನೆಯ ಹಿರಿಯರಿಗೆ ಫೋನಿನಲ್ಲಿ ಒಟಿಪಿ ಹೇಳಬಾರದೆಂದು ಮತ್ತೆ ಮತ್ತೆ ತಿಳಿಸಿ. ಸರ್ಕಾರಿ ನೌಕರಿಯಲ್ಲಿರುವವರು, ಆಸ್ಪತ್ರೆಯಲ್ಲಿ ದುಡಿಯುವವರು, ಮೇಲಿನವರು ಎಷ್ಟೇ ಒತ್ತಾಯಿಸಿದರೂ ಆಗದ ಕೆಲಸವನ್ನು ಆಯಿತೆಂದು ಬರೆಯಬೇಡಿ. ನಿಮ್ಮ ಒಂದು ಸಹಿಯನ್ನು ನಂಬಿ ಒಂದು ಮಗು ಬೆಳೆಯುತ್ತಿರುತ್ತದೆ. ಹಿಂದೆ ಎಂದಾದರೂ ಸುಳ್ಳು ಚೀಟಿ ಕೊಂಡವರು ಈ ಪುಟ ಓದುತ್ತಿದ್ದರೆ, ಅವರು ಎದೆಗುಂದಬೇಕಿಲ್ಲ. ನಿಜವಾದ ಲಸಿಕೆ ಈಗಲೂ ಅಗತ್ಯವಿದ್ದರೆ ಹೋಗಿ ಹಾಕಿಸಿಕೊಳ್ಳಲಿ, ಪಾಪನಿವೇದನೆಯಲ್ಲಿ ಅದನ್ನು ಹೇಳಿಕೊಂಡು ಹಗುರಾಗಲಿ. ಸಿಪ್ರಿಯಾನರ ಕಾಲದಲ್ಲೇ ತೆರೆದ ಬಾಗಿಲು ಅದು.

ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಮುಂದಿನ ರೋಗ ಯಾವಾಗ ಬರುತ್ತದೋ ನಮಗೆ ತಿಳಿಯದು. ಬಂದ ದಿನ ನಾವು ಒಬ್ಬರನ್ನೊಬ್ಬರು ನಂಬಬೇಕಾಗುತ್ತದೆ. ಆ ನಂಬಿಕೆಯನ್ನು ಈಗಿನಿಂದಲೇ, ಮನೆಯ ಚಿಕ್ಕ ಚಿಕ್ಕ ಕಾಗದಗಳಲ್ಲಿ ನಿಜವನ್ನೇ ಬರೆದು, ಕೂಡಿಟ್ಟುಕೊಳ್ಳೋಣ.